ಪದಚರ್ಚೆ: ಬ್ಯಾಕಪ್ ‘ತೆಗೆ’ ಅಂದರೆ ಯಾವ ತೆಗೆ? ‘ಟಾರ್ಗೆಟ್’ಗೆ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ.

ನಾನು ಒಂದು ಸಹಕಾರಿ ಬ್ಯಾಂಕಿನ ಸರ್ವರ್ ಕೋಣೆ ನೋಡಿಕೊಳ್ಳುತ್ತೇನೆ. ಬ್ಯಾಕಪ್ ಇಡಲೆಂದೇ ಮಾಡಿದ ಒಂದು ಸ್ಟೋರೇಜ್ ಯಂತ್ರ, ಡೇಟಾ ಡೊಮೇನ್, ಈಗ ನಮ್ಮಲ್ಲಿಗೆ ಬಂದಿದೆ. ಅದನ್ನು ಬ್ಯಾಕಪ್ ಸಾಫ್ಟ್‌ವೇರ್‌ಗೆ ಜೋಡಿಸುವುದು, ದಿನಾ ನೋಡಿಕೊಳ್ಳುವುದು, ಬೇಕಾದಾಗ ಫೈಲು ವಾಪಸ್ ತರುವುದು, ಇಷ್ಟನ್ನೂ ರಾತ್ರಿ ಪಾಳಿಯವರಿಗಾಗಿ ಕನ್ನಡದಲ್ಲಿ ಬರೆದು ಕೊಡಬೇಕು. ಅವರಿಗೆ ಇಂಗ್ಲಿಷ್ ಓದಲು ಬರುತ್ತದೆ. ಆದರೆ ರಾತ್ರಿ ಎರಡು ಗಂಟೆಗೆ ಕೆಂಪು ದೀಪ ಹತ್ತಿದಾಗ ಮನಸ್ಸು ಓಡುವುದು ಕನ್ನಡದಲ್ಲಿ. ಆಗ ಕೈಯಲ್ಲಿರುವ ಹಾಳೆಯೂ ಕನ್ನಡದಲ್ಲೇ ಇರಬೇಕು ಅನ್ನುವುದು ನನ್ನ ನಂಬಿಕೆ.

ಬರೆಯುತ್ತಾ ಹೋದಂತೆ ಕೆಲವು ಪದಗಳು ಕಾಲಿಗೆ ತೊಡರಿಕೊಂಡಿವೆ. ಮುಖ್ಯವಾದವು ಎರಡು. ಒಂದು ನಮ್ಮದೇ ಕ್ರಿಯಾಪದ ‘ತೆಗೆ’. ಇನ್ನೊಂದು ‘ಟಾರ್ಗೆಟ್’.

ಮೊದಲು ‘ತೆಗೆ’. ನಮ್ಮಲ್ಲಿದ್ದ ಹಳೆಯ ಹಾಳೆಯಲ್ಲಿ ಒಂದು ಸಾಲು ಹೀಗಿತ್ತು: “ಶನಿವಾರ ರಾತ್ರಿ ವಾರದ ಬ್ಯಾಕಪ್ ತೆಗೆಯಬೇಕು.” ಹೊಸದಾಗಿ ಸೇರಿದ ಹುಡುಗಿ ಅದನ್ನು ಓದಿ ನನ್ನ ಹತ್ತಿರ ಬಂದಳು. “ಮೇಡಂ, ಇದು ತಗೋಬೇಕು ಅಂತಾನಾ, ತೆಗೆದು ಹಾಕಬೇಕು ಅಂತಾನಾ?” ಎಂದು ಕೇಳಿದಳು. ಪ್ರಶ್ನೆ ಸರಿಯಾಗಿಯೇ ಇತ್ತು. ಅದೇ ಹಾಳೆಯ ಕೆಳಗಿನ ಸಾಲು “ಜಾಗ ಸಾಲದಿದ್ದರೆ ಹಳೆಯ ಬ್ಯಾಕಪ್ ತೆಗೆಯಬೇಕು” ಅನ್ನುತ್ತಿತ್ತು. ಒಂದೇ ಮಾತು, ಒಂದೇ ರೂಪ. ಮೇಲಿನದಕ್ಕೆ ಒಂದು ಅರ್ಥ, ಕೆಳಗಿನದಕ್ಕೆ ಅದರ ತದ್ವಿರುದ್ಧ ಅರ್ಥ.

ನಾವು ಫೋಟೋ ತೆಗೆಯುತ್ತೇವೆ, ಸಾಲ ತೆಗೆಯುತ್ತೇವೆ. ಅಲ್ಲಿ ಹೊಸದೊಂದು ಬರುತ್ತದೆ. ಕಳೆ ತೆಗೆಯುತ್ತೇವೆ, ಮುಳ್ಳು ತೆಗೆಯುತ್ತೇವೆ. ಅಲ್ಲಿ ಇದ್ದದ್ದು ಹೋಗುತ್ತದೆ. ಬಾಗಿಲು ತೆಗೆದರೆ ಬರುವುದೂ ಇಲ್ಲ, ಹೋಗುವುದೂ ಇಲ್ಲ, ದಾರಿ ಆಗುತ್ತದೆ ಅಷ್ಟೆ. ಹಳೆಯ ಕಾವ್ಯಗಳಲ್ಲಿ ‘ತೆಗೆದಪ್ಪಿದನು’ ಅಂತ ಬರುತ್ತದಲ್ವಾ? ತನ್ನ ಕಡೆಗೆ ಎಳೆದು ಅಪ್ಪಿಕೊಂಡ ಅಂತ ಅರ್ಥ. ‘ಎಳೆ’ ಅನ್ನುವುದೇ ಇದರ ಮೂಲದ ಅರ್ಥ ಅಂದುಕೊಂಡರೆ ಎಲ್ಲವೂ ಹೊಂದುತ್ತದೆ. ಎಳೆದದ್ದು ನಮ್ಮ ಕೈಗೆ ಬಂತು ಅಂದರೆ ಪಡೆದೆವು. ಇದ್ದ ಜಾಗದಿಂದ ಹೋಯಿತು ಅಂದರೆ ಕಳೆದೆವು. ದಿನದ ಮಾತಿನಲ್ಲಿ ಯಾವುದು ಯಾವಾಗ ಅಂತ ಸಂದರ್ಭವೇ ಹೇಳಿಬಿಡುತ್ತದೆ. ಕಳೆಯನ್ನು ಯಾರೂ ಬೇಕೆಂದು ಪಡೆಯುವುದಿಲ್ಲ. ಆದರೆ ಬ್ಯಾಕಪ್ ವಿಷಯದಲ್ಲಿ ಪಡೆಯುವುದೂ ದಿನನಿತ್ಯದ ಕೆಲಸ, ಅಳಿಸುವುದೂ ದಿನನಿತ್ಯದ ಕೆಲಸ. ಹಾಗಾಗಿ ಇಲ್ಲಿ ಸಂದರ್ಭ ನೆರವಿಗೆ ಬರುವುದಿಲ್ಲ.

ಹಾಗಾಗಿ ಕೈಪಿಡಿಯಲ್ಲಿ ‘ತೆಗೆ’ಯನ್ನು ಒಂಟಿಯಾಗಿ ಬಳಸುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಅಳಿಸಬೇಕಾದ ಕಡೆ ‘ಅಳಿಸು’. ಪಡೆಯಬೇಕಾದ ಕಡೆ ‘ಎತ್ತಿಡು’ ಹಾಕಿ ನೋಡುತ್ತಿದ್ದೇನೆ. “ವಾರದ ಬ್ಯಾಕಪ್ ಎತ್ತಿಡಿ.” ಮನೆಯಲ್ಲಿ ಒಡವೆ, ಪತ್ರ, ಹಬ್ಬದ ಸೀರೆ ಎತ್ತಿಡು ಅನ್ನುತ್ತೇವೆ. ಕೈಗೆಟುಕುವ ಜಾಗದಿಂದ ಬೇರೆ ಕಡೆ, ಜೋಪಾನವಾಗಿ, ಮುಂದೆ ಬೇಕಾದೀತೆಂದು ಇಡುವುದು. ಬ್ಯಾಕಪ್ ಮಾಡುವ ಕೆಲಸವೂ ಇದೇ. ಒಂದೇ ಅಡ್ಡಿ ಎಂದರೆ, ಎತ್ತಿಟ್ಟರೆ ಮೂಲ ಜಾಗದಲ್ಲಿ ವಸ್ತು ಇರುವುದಿಲ್ಲ. ಬ್ಯಾಕಪ್‌ನಲ್ಲಿ ಮೂಲ ಇದ್ದಲ್ಲೇ ಇರುತ್ತದೆ. ‘ಪ್ರತಿ ಎತ್ತಿಡು’ ಅಂದರೆ ಸರಿಹೋದೀತೇ? ಆದರೆ ‘ಪ್ರತಿ ದಿನದ ಪ್ರತಿ ಎತ್ತಿಡಿ’ ಅಂತ ಬರೆದಾಗ ಎರಡು ‘ಪ್ರತಿ’ಗಳು ಅಕ್ಕಪಕ್ಕ ಕೂತು ಓದಿಗೆ ತಡೆ ಒಡ್ಡುತ್ತವೆ. ಅದಕ್ಕೆ ‘ದಿನಾ’ ಅಂತ ಬಳಸಿ ದಾಟಿಕೊಂಡಿದ್ದೇನೆ.

‘ನಕಲು’ ಬಳಸಬಹುದಲ್ಲ ಅನ್ನಬಹುದು. ತಾಲ್ಲೂಕು ಕಚೇರಿಯಲ್ಲಿ, ಕೋರ್ಟಿನಲ್ಲಿ ‘ನಕಲು’ ಗೌರವದ ಪದವೇ. ‘ದೃಢೀಕೃತ ನಕಲು’ ಅಂದರೆ ಯಾರೂ ಅನುಮಾನ ಪಡುವುದಿಲ್ಲ. ಆದರೆ ಶಾಲೆಯಲ್ಲಿ ನಕಲು ಹೊಡೆಯುವುದು ತಪ್ಪು, ಬ್ಯಾಂಕಿನಲ್ಲಿ ನಕಲಿ ನೋಟು ಅಪರಾಧ. ನಮ್ಮವರಿಗೆ ಈ ಎರಡನೆಯ ವಾಸನೆಯೇ ಜಾಸ್ತಿ.

‘ನಕಲು’ ಮತ್ತು ‘ತೆಗೆ’ ಒಟ್ಟಿಗೆ ಬಂದಾಗಂತೂ ಕಷ್ಟ ಇನ್ನೂ ದೊಡ್ಡದು. ಈ ಯಂತ್ರದ ಮುಖ್ಯ ಗುಣ ಡಿಡ್ಯುಪ್ಲಿಕೇಶನ್. ಒಳಗೆ ಬರುವ ಮಾಹಿತಿಯನ್ನು ಸಣ್ಣ ಸಣ್ಣ ತುಣುಕುಗಳಾಗಿ ಒಡೆಯುತ್ತದೆ. ಒಂದೊಂದು ತುಣುಕು ಸರಾಸರಿ 8 ಕಿಲೋಬೈಟ್. ಪ್ರತಿ ತುಣುಕಿಗೂ ಒಂದು ಬೆರಳಚ್ಚು, ಅಂದರೆ ಅದನ್ನು ಗುರುತಿಸುವ ಒಂದು ಸಂಖ್ಯೆ, ಲೆಕ್ಕ ಹಾಕಿ, ಈ ತುಣುಕು ಮೊದಲೇ ನನ್ನಲ್ಲಿದೆಯೇ ಎಂದು ನೋಡುತ್ತದೆ. ಇದ್ದರೆ ಮತ್ತೆ ಬರೆಯುವುದಿಲ್ಲ, ಇರುವುದರ ಕಡೆಗೆ ಒಂದು ಗುರುತು ಮಾತ್ರ ಇಟ್ಟುಕೊಳ್ಳುತ್ತದೆ. ನಿನ್ನೆಯ ಪೂರ್ತಿ ಬ್ಯಾಕಪ್‌ಗೂ ಇವತ್ತಿನದಕ್ಕೂ ಬದಲಾಗಿರುವುದು ಸ್ವಲ್ಪವೇ ಆದ್ದರಿಂದ ತುಂಬಾ ಜಾಗ ಉಳಿಯುತ್ತದೆ.

ಇದನ್ನು ಒಬ್ಬರು ‘ನಕಲು ತೆಗೆಯುವುದು’ ಎಂದು ಅನುವಾದಿಸಿದ್ದನ್ನು ನೋಡಿದೆ. ಕನ್ನಡಿಗರು ಅದನ್ನು ಹೇಗೆ ಓದುತ್ತಾರೆ ಹೇಳಿ? ಪಹಣಿಯ ನಕಲು ತೆಗೆಸಿದ ಹಾಗೆ, ಇನ್ನೊಂದು ಪ್ರತಿ ಮಾಡುವುದು ಎಂದೇ ಓದುತ್ತಾರೆ. ಯಂತ್ರ ಮಾಡುವುದು ಅದರ ಉಲ್ಟಾ. ಇನ್ನೊಂದು ವಿಷಯವೂ ಇದೆ. ನಮ್ಮ ಯಂತ್ರದಲ್ಲಿ ಈ ಪರೀಕ್ಷೆ ನಡೆಯುವುದು ಡಿಸ್ಕಿಗೆ ಬರೆಯುವ ಮೊದಲೇ. ಎರಡನೇ ಸಲ ಬಂದ ತುಣುಕು ಡಿಸ್ಕಿನ ಮೇಲೆ ಬರುವುದೇ ಇಲ್ಲ. ಬರದೇ ಇದ್ದದ್ದನ್ನು ತೆಗೆಯುವುದಾದರೂ ಹೇಗೆ? ವಿಂಡೋಸ್ ಸರ್ವರ್‌ನ ಡಿಡ್ಯುಪ್ಲಿಕೇಶನ್ ಬೇರೆ ರೀತಿ. ಅಲ್ಲಿ ಎಲ್ಲವೂ ಮೊದಲು ಡಿಸ್ಕಿಗೆ ಬರುತ್ತದೆ, ಆಮೇಲೆ ಬಿಡುವಿನಲ್ಲಿ ಮರುಕಳಿಸಿದ್ದು ಹೋಗುತ್ತದೆ. ಎರಡಕ್ಕೂ ಒಪ್ಪುವ ಮಾತು ಬೇಕು. ನನಗೆ ತೋಚಿದ್ದು ‘ಒಮ್ಮೆ ಮಾತ್ರ ಇಡುವುದು’. ಪಾರಿಭಾಷಿಕ ಪದದ ಗತ್ತು ಇದಕ್ಕಿಲ್ಲ, ನಿಜ. ಆದರೆ ಓದಿದ ಕೂಡಲೇ ಕೆಲಸ ಏನೆಂದು ತಿಳಿಯುತ್ತದೆ. ‘ಪುನರಾವರ್ತನಾ ನಿವಾರಣೆ’ಗಿಂತ ನಾನು ಇದನ್ನೇ ಆರಿಸುತ್ತೇನೆ.

ತಿಳಿಯಲೇಬೇಕಾದ ಕಾರಣವೂ ಇದೆ. ಬ್ಯಾಕಪ್ ಸಾಫ್ಟ್‌ವೇರ್‌ನಲ್ಲೇ ಮಾಹಿತಿಯನ್ನು ಕುಗ್ಗಿಸಿ (ಕಂಪ್ರೆಸ್) ಅಥವಾ ಗೂಢಲಿಪಿ (ಎನ್‌ಕ್ರಿಪ್ಟ್) ಮಾಡಿ ಕಳಿಸಿದರೆ, ಒಂದೇ ಫೈಲು ದಿನಕ್ಕೊಂದು ರೂಪದಲ್ಲಿ ಬಂದಂತೆ ಯಂತ್ರಕ್ಕೆ ಕಾಣುತ್ತದೆ. ತುಣುಕುಗಳು ಹೊಂದುವುದಿಲ್ಲ, ಜಾಗ ಬೇಗ ತುಂಬುತ್ತದೆ. ಅದಕ್ಕೇ ಜೋಡಿಸುವಾಗ ಸಾಫ್ಟ್‌ವೇರ್ ಕಡೆಯ ಕಂಪ್ರೆಷನ್ ನಿಲ್ಲಿಸಬೇಕು. ಗೂಢಲಿಪಿ ಬೇಕಿದ್ದರೆ ಯಂತ್ರದ ಒಳಗೆ ಮಾಡಿಸಬೇಕು. ‘ಒಮ್ಮೆ ಮಾತ್ರ ಇಡುವುದು’ ಅನ್ನುವ ಮಾತು ಮನಸ್ಸಿನಲ್ಲಿ ಕೂತವರಿಗೆ ಈ ಎರಡು ನಿಯಮಗಳನ್ನು ಬಾಯಿಪಾಠ ಮಾಡಿಸಬೇಕಿಲ್ಲ.

ಇನ್ನು ‘ಟಾರ್ಗೆಟ್’. ಸಾಫ್ಟ್‌ವೇರ್‌ನಲ್ಲಿ ಈ ಯಂತ್ರವನ್ನು ಬ್ಯಾಕಪ್ ಟಾರ್ಗೆಟ್, ಅಂದರೆ ಬ್ಯಾಕಪ್ ಹೋಗಿ ಸೇರುವ ಕಡೆ, ಎಂದು ಸೇರಿಸಬೇಕು. ನಿಘಂಟು ತೆರೆದರೆ ‘ಗುರಿ’. ಬ್ಯಾಂಕಿನಲ್ಲಿ ‘ಗುರಿ’ ಅಂದರೆ ಒಂದೇ: ಈ ತಿಂಗಳು ಎಷ್ಟು ಠೇವಣಿ ತರಬೇಕು, ಎಷ್ಟು ಸಾಲ ವಸೂಲಿ ಆಗಬೇಕು. ‘ಬ್ಯಾಕಪ್ ಗುರಿ’ ಅಂದರೆ ಇಂತಿಷ್ಟು ಬ್ಯಾಕಪ್ ಮುಗಿಸಬೇಕು ಅಂತ ಖಂಡಿತ ಓದುತ್ತಾರೆ. ಅದೂ ಅಲ್ಲದೆ ‘ಗುರಿ’ ನನಗೆ ಬೇರೊಂದು ಕಡೆ ಬೇಕೇ ಬೇಕು. ಫೈಲುಗಳನ್ನು ಲಾಕ್ ಮಾಡಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್‌ನವರು ಬ್ಯಾಕಪ್ ಇಟ್ಟ ಜಾಗವನ್ನೂ ಹುಡುಕಿ ಹಾಳು ಮಾಡಲು ನೋಡುತ್ತಾರೆ. ಅದು ಉಳಿದರೆ ಅವರಿಗೆ ದುಡ್ಡು ಕೊಡುವ ಒತ್ತಡ ಕಡಿಮೆ. “ಈ ಯಂತ್ರ ದಾಳಿಯ ಗುರಿ, ಇದರ ಪಾಸ್‌ವರ್ಡ್ ಬೇರೆಯೇ ಇರಲಿ” ಎಂದು ಒಂದು ಸಾಲು ದಪ್ಪಕ್ಷರದಲ್ಲಿ ಹಾಕಿದ್ದೇನೆ. ಅದೇ ಪುಟದಲ್ಲಿ ಅದೇ ಯಂತ್ರವನ್ನು ‘ಬ್ಯಾಕಪ್ ಗುರಿ’ ಅನ್ನಲು ನನಗೆ ಮನಸ್ಸಿಲ್ಲ.

ಸಾಫ್ಟ್‌ವೇರ್‌ನ ಟಾರ್ಗೆಟ್‌ಗೆ ‘ಎತ್ತಿಡುವ ಜಾಗ’ ಎಂದು ಬರೆದಿದ್ದೇನೆ. ಪರದೆಯ ಮೇಲೆ ಕಾಣುವ ಪದ ಗುರುತು ಸಿಗಲಿ ಎಂದು ಮೊದಲ ಸಲ ಬಂದಾಗ ‘ಟಾರ್ಗೆಟ್’ ಕೂಡ ಸೇರಿಸಿದ್ದೇನೆ. ಯಂತ್ರದ ಒಳಗೆ ಒಂದೊಂದು ಸಾಫ್ಟ್‌ವೇರ್‌ಗೆ ಬೇರೆ ಬೇರೆಯಾಗಿ ಮಾಡಿಕೊಡುವ ಸ್ಟೋರೇಜ್ ಯೂನಿಟ್‌ಗೆ ‘ಖಾನೆ’ ಸಾಕು. ಬೀರುವಿನ ಖಾನೆ ಎಲ್ಲರಿಗೂ ಗೊತ್ತು. ‘ಕಣಜ’ ಬಳಸಿ ಎಂದು ಗೆಳತಿಯೊಬ್ಬಳು ಸೂಚಿಸಿದಳು. ಚೆಂದದ ಪದ. ಆದರೆ ಕರ್ನಾಟಕ ಜ್ಞಾನ ಆಯೋಗ ಶುರು ಮಾಡಿದ ಜಾಲತಾಣದ ಹೆಸರಾಗಿ ಅದು ಆಗಲೇ ನೆಲೆ ನಿಂತಿದೆ.

ಆದರೆ ಐಸ್ಕಸಿಯ (iSCSI, ನೆಟ್‌ವರ್ಕ್ ಮೂಲಕ ಡಿಸ್ಕ್ ಬಳಸುವ ವಿಧಾನ) ‘ಟಾರ್ಗೆಟ್’ ಬೇರೆ. ಅದು 1986ರಲ್ಲಿ ಮಾನಕವಾದ ಸ್ಕಸಿಯಿಂದ (SCSI, ಕಂಪ್ಯೂಟರಿಗೆ ಡಿಸ್ಕ್ ಮುಂತಾದವನ್ನು ಜೋಡಿಸುವ ವಿಧಾನ) ಬಂದ ಜೋಡಿಪದ: ಇನಿಷಿಯೇಟರ್ ಮತ್ತು ಟಾರ್ಗೆಟ್. ಆಜ್ಞೆ ಕೊಡುವ ಕಡೆ ಮೊದಲನೆಯದು, ಆಜ್ಞೆ ನಡೆಸುವ ಕಡೆ ಎರಡನೆಯದು. 2004ರಲ್ಲಿ ಇದೇ ಜೋಡಿ ಐಸ್ಕಸಿ ಮಾನಕದ ಮೂಲಕ ನೆಟ್‌ವರ್ಕಿಗೂ ಬಂತು. ಇಲ್ಲಿ ಟಾರ್ಗೆಟ್ ಒಂದು ಪಾತ್ರ, ಜಾಗವಲ್ಲ. ಇದಕ್ಕೆ ‘ಎತ್ತಿಡುವ ಜಾಗ’ ಹೊಂದುವುದಿಲ್ಲ, ‘ಗುರಿ’ ಮೊದಲೇ ಹೊಂದುವುದಿಲ್ಲ. ಇದನ್ನು ಕನ್ನಡ ಲಿಪಿಯಲ್ಲಿ ಹಾಗೇ ಬಿಡುವುದು ಒಳ್ಳೆಯದು ಅನ್ನಿಸುತ್ತದೆ. ಒಂದೇ ಇಂಗ್ಲಿಷ್ ಪದಕ್ಕೆ ಎಲ್ಲ ಕಡೆಯೂ ಒಂದೇ ಕನ್ನಡ ಪದ ಬರಲೇಬೇಕು ಎಂಬ ಹಟ ಬೇಡ.

‘ಎಕ್ಸ್‌ಪೋರ್ಟ್’ ಬಗ್ಗೆ ಒಂದು ಮಾತು. ಎನ್‌ಎಫ್‌ಎಸ್‌ನಲ್ಲಿ (ನೆಟ್‌ವರ್ಕ್ ಮೂಲಕ ಫೈಲು ಹಂಚಿಕೊಳ್ಳುವ ವಿಧಾನ) ಒಂದು ಡೈರೆಕ್ಟರಿಯನ್ನು ಬ್ಯಾಕಪ್ ಸರ್ವರ್‌ಗೆ ಸಿಗುವಂತೆ ಮಾಡುವುದಕ್ಕೆ ‘ರಫ್ತು’ ಬೇಡ. ಏನೂ ಹೊರಗೆ ಹೋಗುವುದಿಲ್ಲ. ‘ತೆರೆದುಕೊಡು’ ಹಾಕಿದ್ದೇನೆ: “ಈ ಡೈರೆಕ್ಟರಿಯನ್ನು ಬ್ಯಾಕಪ್ ಸರ್ವರ್‌ನ ವಿಳಾಸಕ್ಕೆ ಮಾತ್ರ ತೆರೆದುಕೊಡಿ, ಫೈರ್‌ವಾಲ್‌ನಲ್ಲಿ 2049, 2052 ಮತ್ತು 111ನೇ ಪೋರ್ಟ್ ತೆರೆದಿಡಿ.” ರಿಸ್ಟೋರ್‌ಗೆ ‘ವಾಪಸ್ ತರು’. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಚರ್ಚೆ ಬೇಕಾದದ್ದು ಬ್ಯಾಕಪ್‌ನ ಕೊನೆಗಾಲದ ಪದಗಳಿಗೆ. ಅಲ್ಲಿ ಮೂರು ಹಂತಗಳಿವೆ. ಇಟ್ಟುಕೊಳ್ಳುವ ಅವಧಿ ಮುಗಿಯುತ್ತದೆ. ಆಮೇಲೆ ಸಾಫ್ಟ್‌ವೇರ್ ಆ ಫೈಲನ್ನು ಅಳಿಸುತ್ತದೆ. ಆದರೂ ಯಂತ್ರದಲ್ಲಿ ಜಾಗ ಸಿಗುವುದಿಲ್ಲ, ಏಕೆಂದರೆ ಆ ಫೈಲಿನ ತುಣುಕುಗಳು ಬೇರೆ ಬ್ಯಾಕಪ್‌ಗಳಿಗೂ ಬೇಕಿರಬಹುದು. ಯಾರಿಗೂ ಬೇಡವಾದ ತುಣುಕುಗಳನ್ನು ಹುಡುಕಿ ಜಾಗ ಖಾಲಿ ಮಾಡಲು ಕ್ಲೀನಿಂಗ್ ಎಂಬ ಬೇರೆ ಕೆಲಸ ಓಡಬೇಕು. ಡೇಟಾ ಡೊಮೇನ್‌ನಲ್ಲಿ ನಾವೇನೂ ಬದಲಿಸದಿದ್ದರೆ ಅದು ವಾರಕ್ಕೊಮ್ಮೆ, ಮಂಗಳವಾರ ಬೆಳಿಗ್ಗೆ 6 ಗಂಟೆಗೆ ಓಡುತ್ತದೆ. “ಬುಧವಾರ ಅಳಿಸಿದೆ, ಗುರುವಾರವೂ ಜಾಗ ಅಷ್ಟೇ ಇದೆ” ಎಂದು ಗಾಬರಿಯಾಗುವವರಿಗೆ ಈ ವ್ಯತ್ಯಾಸ ಪದದಲ್ಲೇ ಕಾಣಬೇಕು. ನನ್ನ ಸಾಲು: “ಅವಧಿ ಮುಗಿಯಿತು, ಅಳಿಸಿತು, ಜಾಗ ಬಿಡಿಸಿತು.” ‘ಸ್ವಚ್ಛಗೊಳಿಸು’ ಅಂದರೆ ಧೂಳು ಒರೆಸುವ ಕೆಲಸದಂತೆ ಕೇಳುತ್ತದೆ. ‘ಜಾಗ ಬಿಡಿಸು’ ಒಪ್ಪುತ್ತದೆಯೇ?

ಇದರ ಜೊತೆಗೇ ರಿಟೆನ್ಶನ್ ಲಾಕ್. ಹಾಕಿದ ಅವಧಿ ಮುಗಿಯುವವರೆಗೆ ಫೈಲನ್ನು ಬದಲಿಸಲಿಕ್ಕೂ ಅಳಿಸಲಿಕ್ಕೂ ಬಿಡದ ಬೀಗ ಇದು. ನಮ್ಮ ಸಿಬ್ಬಂದಿಗೆ ಕೂಡಲೇ ಹೊಳೆಯುವುದು ನಿಶ್ಚಿತ ಠೇವಣಿ. ಹೋಲಿಕೆ ಅರ್ಧ ದಾರಿಯವರೆಗೆ ಬರುತ್ತದೆ. ಠೇವಣಿಯನ್ನು ಸ್ವಲ್ಪ ಬಡ್ಡಿ ಬಿಟ್ಟುಕೊಟ್ಟು ಮಧ್ಯದಲ್ಲಿ ಮುರಿಸಬಹುದು. ಈ ಬೀಗದಲ್ಲಿ ಎರಡು ಬಗೆ. ಗವರ್ನೆನ್ಸ್ ಬಗೆಯಲ್ಲಿ ಅಧಿಕಾರ ಇದ್ದವರು ಬಿಡಿಸಬಹುದು. ಕಂಪ್ಲಯನ್ಸ್ ಬಗೆಯಲ್ಲಿ ಯಂತ್ರದ ಅತಿ ದೊಡ್ಡ ಅಧಿಕಾರಿಗೂ ಅವಧಿಗೆ ಮುಂಚೆ ಬಿಡಿಸಲು ಬರುವುದಿಲ್ಲ. ಮೊದಲನೆಯದಕ್ಕೆ ‘ಬಿಡಿಸಬಹುದಾದ ಬೀಗ’, ಎರಡನೆಯದಕ್ಕೆ ‘ಅವಧಿವರೆಗಿನ ಬೀಗ’ ಎಂದು ಬರೆದು ನೋಡಿದೆ. ಎರಡನೆಯದರಲ್ಲಿ ಬಿಗಿ ಸಾಲದು. ಯಾರಿಂದಲೂ ಆಗದು ಅನ್ನುವ ಕಟ್ಟುನಿಟ್ಟು ಅದರಲ್ಲಿ ಕೇಳಿಸಬೇಕು. ದಿನಗಳ ಬದಲು ವರ್ಷಗಳನ್ನು ತುಂಬಿಬಿಟ್ಟರೆ ಅಷ್ಟೂ ವರ್ಷ ಆ ಜಾಗ ಸಿಗುವುದಿಲ್ಲ. ಆದ್ದರಿಂದ ಈ ಪದದ ಬಗ್ಗೆ ನನಗೆ ತುಂಬಾ ಕಾಳಜಿ ಇದೆ.

ನಿಮ್ಮಲ್ಲಿ ಕೇಳುವುದು ಇಷ್ಟು. ‘ಎತ್ತಿಡು’ ನಿಮ್ಮ ಊರಿನ ಕನ್ನಡದಲ್ಲೂ ಜೋಪಾನವಾಗಿ ಇಡುವ ಅರ್ಥದಲ್ಲಿ ನಡೆಯುತ್ತದೆಯೇ? ಧಾರವಾಡ, ಕಲಬುರ್ಗಿ ಕಡೆಯವರು, ಮಂಗಳೂರು, ಕುಂದಾಪುರದವರು ದಯವಿಟ್ಟು ಹೇಳಿ. ‘ತೆಗೆದಿಡು’ ಅಲ್ಲೆಲ್ಲ ಜಾಸ್ತಿ ಬಳಕೆಯಲ್ಲಿದ್ದರೆ ಅದನ್ನೂ ತಿಳಿಸಿ. ಅದರಲ್ಲಿ ‘ತೆಗೆ’ ಇದ್ದರೂ ‘ಇಡು’ ಜೊತೆಗಿರುವುದರಿಂದ ಅರ್ಥ ಕೆಡುವುದಿಲ್ಲ. ಕಂಪ್ಲಯನ್ಸ್ ಬಗೆಯ ಬೀಗಕ್ಕೆ ಎರಡು ಮೂರು ಪದಗಳಲ್ಲಿ ಹೇಳಬಹುದಾದ ಗಟ್ಟಿ ಮಾತು ಯಾರಿಗಾದರೂ ಹೊಳೆದರೆ ಬರೆಯಿರಿ. ಆ ಪುಟವೊಂದನ್ನು ಇನ್ನೂ ಅಚ್ಚಿಗೆ ಕೊಟ್ಟಿಲ್ಲ.