ಮುಂಬೈನಿಂದ ಪೈಲಟ್ ತರಬೇತಿ: ಮೊದಲು ಮೆಡಿಕಲ್ಲೋ, ಪರೀಕ್ಷೆಯೋ, ಫೀಸೋ?

ಮುಲುಂಡ್_ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಈ ಸಲ ಹನ್ನೆರಡನೇ ತರಗತಿ ಮುಗಿಸಿದ್ದಾಳೆ. ಭೌತಶಾಸ್ತ್ರ, ಗಣಿತ ಎರಡೂ ಇವೆ. ಕಮರ್ಷಿಯಲ್ ಪೈಲಟ್ ಆಗಲೇಬೇಕು ಅಂತ ಹಟ ಹಿಡಿದಿದ್ದಾಳೆ, ಮನೆಯವರೂ ಒಪ್ಪಿದ್ದೇವೆ. ಕನ್ನಡಕ ಮೈನಸ್ ಒಂದೂವರೆ. ವಿಚಾರಿಸಿದ ಒಂದು ಕಡೆ, ಈ ವಾರವೇ ಪೂರ್ತಿ ಫೀಸ್ ಕಟ್ಟಿದರೆ ರಿಯಾಯಿತಿ, 12 ತಿಂಗಳಲ್ಲಿ ಲೈಸೆನ್ಸ್ ಕೈಗೆ ಅನ್ನುತ್ತಿದ್ದಾರೆ. ಯಾವುದನ್ನು ಮೊದಲು ಮಾಡಬೇಕು? ಮುಂಬೈ, ಪುಣೆ, ಗೋವಾ ಬಿಟ್ಟು ಹೋಗದೆ ಕಲಿಯಲು ಆಗುತ್ತದೆಯೇ? ಲೈಸೆನ್ಸಿಗೆ 200 ಗಂಟೆ ಹಾರಿರಬೇಕು ಅನ್ನುತ್ತಾರಲ್ಲ, ಅದರ ಲೆಕ್ಕ ಹೇಗೆ?

ಗ್ರೌಂಡ್‌ಸ್ಕೂಲ್_ಅಂಧೇರಿ:
ಮೆಡಿಕಲ್ ಮೊದಲು. ಅದು ಆಗುವ ತನಕ ಯಾರಿಗೂ ದೊಡ್ಡ ಮೊತ್ತ ಕೊಡಬೇಡಿ.

ಮೊದಲು ಡಿಜಿಸಿಎ (ದೇಶದ ನಾಗರಿಕ ವಿಮಾನಯಾನ ನಿಯಂತ್ರಕ ಸಂಸ್ಥೆ) ಮಾನ್ಯತೆ ಇರುವ ವೈದ್ಯರಲ್ಲಿ ಕ್ಲಾಸ್ 2 ಮೆಡಿಕಲ್ ಮಾಡಿಸಿ. ಸ್ಟೂಡೆಂಟ್ ಲೈಸೆನ್ಸಿಗೆ ಅದು ಸಾಕು, ಆದ್ದರಿಂದ ಬಹಳ ಜನ ಅಲ್ಲೇ ನಿಲ್ಲಿಸಿ ಫೀಸ್ ಕಟ್ಟಿಬಿಡುತ್ತಾರೆ. ಅದೇ ತಪ್ಪು. ಕಮರ್ಷಿಯಲ್ ಲೈಸೆನ್ಸಿಗೆ ಅದಕ್ಕಿಂತ ಕಠಿಣವಾದ ಕ್ಲಾಸ್ 1 ಬೇಕೇ ಬೇಕು. ಅರ್ಧ ಹಾರಾಟ ಮುಗಿದ ಮೇಲೆ ಬಣ್ಣ ಗುರುತಿಸುವುದರಲ್ಲೋ ಇಸಿಜಿಯಲ್ಲೋ ಕಿವಿಯ ಆಡಿಯೋಮೆಟ್ರಿಯಲ್ಲೋ ಅಡ್ಡಿ ಬಂದರೆ ಕಟ್ಟಿದ ಹಣ ವಾಪಸ್ ಬರುವುದು ಕಷ್ಟ. ಕ್ಲಾಸ್ 2 ಬಂದ ಕೂಡಲೇ ಕ್ಲಾಸ್ 1ಕ್ಕೆ ದಿನ ಗೊತ್ತು ಮಾಡಿಕೊಳ್ಳಿ.

ಮೈನಸ್ ಒಂದೂವರೆಗೆ ಹೆದರಬೇಡಿ. ಕನ್ನಡಕ ಹಾಕಿಕೊಂಡು ದೃಷ್ಟಿ ಸರಿಹೋದರೆ ಸಾಕು. ಬಣ್ಣ ಕಾಣುವುದು ಮಾತ್ರ ಬೇರೆ ವಿಷಯ, ಅದನ್ನು ಕನ್ನಡಕ ಸರಿಪಡಿಸುವುದಿಲ್ಲ. ನಾಳೆಯೇ ಹತ್ತಿರದ ಕಣ್ಣಿನ ಡಾಕ್ಟರ ಹತ್ತಿರ ಇಶಿಹಾರಾ ಪುಸ್ತಕದಿಂದ (ಬಣ್ಣದ ಚುಕ್ಕಿಗಳ ನಡುವೆ ಅಂಕಿ ಗುರುತಿಸುವ ಪರೀಕ್ಷೆ) ನೋಡಿಸಿ, ಐದು ನಿಮಿಷದ ಕೆಲಸ. ಕಾಂಟ್ಯಾಕ್ಟ್ ಲೆನ್ಸ್ ಹಾಕುವ ಅಭ್ಯಾಸವಿದ್ದರೆ ಕೆಲವು ದಿನ ಮೊದಲೇ ಬಿಡಿಸಿ. ಹಳೆಯ ಶಸ್ತ್ರಚಿಕಿತ್ಸೆ ಏನಾದರೂ ಆಗಿದ್ದರೆ ಡಿಸ್ಚಾರ್ಜ್ ಕಾಗದ ಜೊತೆಗಿರಲಿ. ಮುಚ್ಚಿಟ್ಟರೆ ಮುಂದೆ ಅದೇ ಕುತ್ತಿಗೆಗೆ ಬರುತ್ತದೆ.

ಮೆಡಿಕಲ್ ನಡೆಯುತ್ತಿರುವಾಗಲೇ ಕಂಪ್ಯೂಟರ್ ನಂಬರಿಗೆ (ಡಿಜಿಸಿಎ ಪ್ರತಿ ಅಭ್ಯರ್ಥಿಗೆ ಕೊಡುವ ಗುರುತಿನ ಸಂಖ್ಯೆ) ಅರ್ಜಿ ಹಾಕಿ, ಅದಿಲ್ಲದೆ ಡಿಜಿಸಿಎ ಪರೀಕ್ಷೆಗೆ ಕೂರಲು ಆಗದು. ಏರ್ ನ್ಯಾವಿಗೇಶನ್, ಮೀಟಿಯರಾಲಜಿ, ಏರ್ ರೆಗ್ಯುಲೇಶನ್ಸ್, ಟೆಕ್ನಿಕಲ್ ಜನರಲ್, ಹಾರಿಸುವ ವಿಮಾನದ ಮೇಲಿನ ಟೆಕ್ನಿಕಲ್ ಸ್ಪೆಸಿಫಿಕ್, ಪ್ರತಿಯೊಂದರಲ್ಲೂ 70 ಶೇಕಡಾ ಬೇಕು. ಇವನ್ನು ಮುಂಬೈನಲ್ಲಿ ಮನೆಯಲ್ಲೇ ಇದ್ದು ಓದಬಹುದು. ಹಾರಲು ಹೋಗುವ ಮುನ್ನವೇ ನ್ಯಾವಿಗೇಶನ್, ಮೀಟಿಯರಾಲಜಿ, ರೆಗ್ಯುಲೇಶನ್ಸ್ ಮುಗಿಸಿದರೆ ಅಲ್ಲಿ ಓದಿಗಾಗಿ ಹಾರಾಟದ ಸರದಿ ತಪ್ಪಿಸಿಕೊಳ್ಳುವ ಪ್ರಸಂಗ ಬರುವುದಿಲ್ಲ.

ನ್ಯಾವಿಗೇಶನ್‌ನಲ್ಲಿ ನಪಾಸಾಗುವುದು ತಿಳಿಯದೆ ಅಲ್ಲ, ಕೈ ನಿಧಾನವಾಗಿ. ಒಂದಕ್ಕೆ ಅರವತ್ತರ ಸೂತ್ರವನ್ನು (60 ಮೈಲಿಗೆ 1 ಮೈಲಿ ಸರಿದರೆ 1 ಡಿಗ್ರಿ) ಬಾಯಲ್ಲೇ ಮಾಡುವಂತಾಗಬೇಕು: 40 ಮೈಲಿ ಹೋದಾಗ ದಾರಿಯಿಂದ 4 ಮೈಲಿ ಬದಿಗೆ ಸರಿದಿದ್ದರೆ ತಪ್ಪಿದ ಕೋನ 6 ಡಿಗ್ರಿ. ಮುಂದೆ 80 ಮೈಲಿ ಉಳಿದಿದ್ದರೆ ಗುರಿಯತ್ತ ಮುಚ್ಚಬೇಕಾದ ಕೋನ 3. ಒಟ್ಟು 9 ಡಿಗ್ರಿ ತಿರುಗಿಸಿ. ಇದೇ ಲೆಕ್ಕ ಕಾಕ್‌ಪಿಟ್‌ನಲ್ಲೂ ಬೇಕು.

ರೇಡಿಯೋದಲ್ಲಿ ಮಾತಾಡುವ ಪರವಾನಗಿಯಾದ ಆರ್‌ಟಿಆರ್‌ಗೆ ಬೇರೆಯೇ ಪರೀಕ್ಷೆ. ಕ್ಲಿಯರೆನ್ಸ್ (ಟವರಿನ ಅನುಮತಿ), ರನ್‌ವೇ ಸಂಖ್ಯೆ, ಕ್ಯೂಎನ್‌ಎಚ್ (ಎತ್ತರ ಮಾಪಕಕ್ಕೆ ಹೊಂದಿಸುವ ಗಾಳಿಯ ಒತ್ತಡ) ಇವನ್ನು ಕೇಳಿದಂತೆಯೇ ತಿರುಗಿ ಹೇಳಬೇಕು. ಬರೀ 'ರೋಜರ್' ಅಂದು ಸುಮ್ಮನಾದರೆ ಅಲ್ಲೇ ಅಂಕ ಹೋಯಿತು.

ಬಾರಾಮತಿ_ಕ್ರಾಸ್‌ವಿಂಡ್:
ಜಾಗದ ಪ್ರಶ್ನೆಗೆ ನಾನು ಹೇಳುತ್ತೇನೆ. ಮನೆಯಿಂದ ದಿನಾ ಹೋಗಿಬರುವುದು ಆಗದು, ಆ ಆಸೆ ಈಗಲೇ ಬಿಡಿ. ಜೆ.ಆರ್.ಡಿ. ಟಾಟಾ 1929ರಲ್ಲಿ ದೇಶದ ಮೊದಲ ಪೈಲಟ್ ಲೈಸೆನ್ಸ್ ಪಡೆದದ್ದು ಬಾಂಬೆ ಫ್ಲೈಯಿಂಗ್ ಕ್ಲಬ್ ಮೂಲಕ. ಆದರೆ ಆ ಕ್ಲಬ್ ಇದ್ದ ಜುಹು ನಿಲ್ದಾಣ ಇವತ್ತು ಸಾಂತಾಕ್ರೂಜ್‌ನ ದೊಡ್ಡ ವಿಮಾನಗಳ ದಾರಿಗೆ ಅಂಟಿಕೊಂಡಿದೆ. ಹೊಸಬರು ಅಲ್ಲಿ ಸರ್ಕ್ಯೂಟ್ (ರನ್‌ವೇ ಸುತ್ತ ಹಾರಿ ಮತ್ತೆ ಇಳಿಯುವ ಅಭ್ಯಾಸ) ಸುತ್ತಲು ಬಿಡುವೆಲ್ಲಿ? ಪುಣೆಯ ಲೋಹಗಾಂವ್ ವಾಯುಪಡೆಯದು, ಗೋವಾದ ದಾಬೋಳಿಂ ನೌಕಾಪಡೆಯದು. ಹಾಗಾಗಿ ಈ ಭಾಗದವರು ಹೋಗುವುದು ಬಾರಾಮತಿ, ಧುಳೆ, ಜಳಗಾಂವ್, ಗೊಂದಿಯಾ ಕಡೆಗೆ. ಗೋವಾದವರಿಗೆ ಘಾಟ್ ಹತ್ತಿದರೆ ಬೆಳಗಾವಿಯ ಸಾಂಬ್ರಾ ಹತ್ತಿರ. ಕಲಬುರಗಿಯೂ ಇದೆ.

ಇದರ ಹಿಂದೆ ಹವಾಮಾನದ ಕಾರಣವೂ ಇದೆ. ಕಣ್ಣಿನಿಂದ ನೋಡಿ ಹಾರುವ ವಿಎಫ್‌ಆರ್‌ಗೆ 5 ಕಿಲೋಮೀಟರ್ ಕಾಣಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಕೊಂಕಣದಲ್ಲಿ ಅದು ಸಿಗುವ ದಿನ ಎಷ್ಟು? ಸಹ್ಯಾದ್ರಿ ದಾಟಿದರೆ ಬಾರಾಮತಿ ಮಳೆನೆರಳಿನಲ್ಲಿದೆ, ಮೋಡ ಬಂದರೂ ಸುರಿಯುವುದು ಕಡಿಮೆ.

ಆದರೆ ಅಲ್ಲಿ ಬೇಸಿಗೆಯ ಬಿಸಿ ಬೇರೆ ರೀತಿ ಕಾಡುತ್ತದೆ. 2,000 ಅಡಿ ಎತ್ತರದ ರನ್‌ವೇ, 40 ಡಿಗ್ರಿ ಸೆಲ್ಸಿಯಸ್ ಅಂದುಕೊಳ್ಳಿ. ಆ ಎತ್ತರಕ್ಕೆ ಪ್ರಮಾಣಿತ ಉಷ್ಣತೆ 11 ಡಿಗ್ರಿ. ಹೆಚ್ಚಾದ 29ನ್ನು ಡಿಗ್ರಿಗೆ 120 ಅಡಿಯಂತೆ ಗುಣಿಸಿ ಸೇರಿಸಿದರೆ ಡೆನ್ಸಿಟಿ ಆಲ್ಟಿಟ್ಯೂಡ್ ಸುಮಾರು 5,500 ಅಡಿ. ಅಂದರೆ ತರಬೇತಿಯ ಸಣ್ಣ ಸೆಸ್ನಾ ವಿಮಾನ ಅಷ್ಟು ಎತ್ತರದ ತೆಳು ಗಾಳಿಯಲ್ಲಿ ಇದ್ದಂತೆ ವರ್ತಿಸುತ್ತದೆ: ನೆಲದ ಓಟ ಉದ್ದ, ಏರುವುದು ನಿಧಾನ. ಇದರ ಮೇಲೆ ನಡುಮಧ್ಯಾಹ್ನ ನೆಲದಿಂದೇಳುವ ಬಿಸಿಗಾಳಿ, ಫ್ಲೇರ್ ಮಾಡುವಾಗ (ನೆಲ ಮುಟ್ಟುವ ಮುನ್ನ ಮೂಗು ಎತ್ತುವಾಗ), ವಿಮಾನವನ್ನು ಮೇಲಕ್ಕೆತ್ತುತ್ತದೆ. ಹೊಸಬರು ಗಾಬರಿಯಿಂದ ಮೂಗು ಕೆಳಗೆ ಒತ್ತುತ್ತಾರೆ, ಮೂಗಿನ ಚಕ್ರ ಮೊದಲು ಬಡಿದು ಪುಟಿಯುತ್ತದೆ. ಒತ್ತಬಾರದು, ಪವರ್ ಕೊಟ್ಟು ಗೋ-ಅರೌಂಡ್ ಮಾಡಬೇಕು, ಅಂದರೆ ಇಳಿಯದೆ ಮತ್ತೆ ಮೇಲೇರಬೇಕು. ಆದ್ದರಿಂದ ಶುರುವಿನ ಸರ್ಕ್ಯೂಟ್‌ಗಳು ಬೆಳಗಿನ ಹೊತ್ತೇ ಆಗಲಿ ಅಂತ ಇನ್‌ಸ್ಟ್ರಕ್ಟರ್‌ಗೆ ಕೇಳಿಕೊಳ್ಳಲು ಸಂಕೋಚ ಬೇಡ.

ಲಾಗ್‌ಬುಕ್_ಪುಣೆ:
ಗಂಟೆಗಳ ಲೆಕ್ಕ ಹೇಳುತ್ತೇನೆ, 12 ತಿಂಗಳ ಭರವಸೆ ಮುರಿಯುವುದೇ ಇಲ್ಲಿ. 200ರಲ್ಲಿ 100 ಗಂಟೆ ಪೈಲಟ್-ಇನ್-ಕಮಾಂಡ್ (ವಿಮಾನದ ಹೊಣೆ ಹೊತ್ತ ಪೈಲಟ್) ಆಗಿರಬೇಕು. ಕ್ರಾಸ್ ಕಂಟ್ರಿ (ಒಂದು ಊರಿನಿಂದ ಇನ್ನೊಂದಕ್ಕೆ ಹಾರುವುದು) ಅದೇ ರೀತಿ 20 ಗಂಟೆ, ಅದರಲ್ಲಿ ಒಂದು ಹಾರಾಟ 300 ನಾಟಿಕಲ್ ಮೈಲಿಯದು, ಬೇರೆ ಎರಡು ನಿಲ್ದಾಣಗಳಲ್ಲಿ ಪೂರ್ತಿ ನಿಲ್ಲಿಸಿ. ರಾತ್ರಿ ಹಾರಾಟ 5 ಗಂಟೆ, 10 ಟೇಕಾಫ್, 10 ಲ್ಯಾಂಡಿಂಗ್. ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಾಗ ಉಪಕರಣ ನೋಡಿಯೇ ಹಾರುವ ಅರ್ಹತೆ) ಇಲ್ಲದೆ ಏರ್‌ಲೈನ್ ಇಲ್ಲ, ಅದಕ್ಕೆ ಕ್ರಾಸ್ ಕಂಟ್ರಿ 50 ಗಂಟೆಗೂ ಇನ್‌ಸ್ಟ್ರುಮೆಂಟ್ 40 ಗಂಟೆಗೂ ಏರುತ್ತದೆ. 40ರಲ್ಲಿ 20 ಸಿಮ್ಯುಲೇಟರಿನಲ್ಲಿ ಮಾಡಬಹುದು.

ನಿಜವಾದ ಗಂಟು ಆರು ತಿಂಗಳ ನಿಯಮದ್ದು. ಹಗಲು, ರಾತ್ರಿಯ ಸ್ಕಿಲ್ ಟೆಸ್ಟ್‌ಗಳು, ಹಗಲಿನ 250 ಮೈಲಿ, ರಾತ್ರಿಯ 120 ಮೈಲಿ ಕ್ರಾಸ್ ಕಂಟ್ರಿ ಚೆಕ್, ಇವೆಲ್ಲ ಅರ್ಜಿ ಹಾಕುವ ಹಿಂದಿನ ಆರು ತಿಂಗಳೊಳಗಿನವಾಗಿರಬೇಕು. ಹಗಲಿನದು ಮುಗಿದು, ರನ್‌ವೇಗೆ ದೀಪವಿಲ್ಲದೆ ರಾತ್ರಿಯದು ತಡವಾಗಿ, ಅಷ್ಟರಲ್ಲಿ ಮಳೆಗಾಲ ಬಂದು, ಒಂದು ಪೇಪರ್ ಬಾಕಿ ಉಳಿದರೆ, ಹಗಲಿನ ಟೆಸ್ಟ್ ಅವಧಿ ಮೀರುತ್ತದೆ. ಮತ್ತೆ ಹಾರಬೇಕು, ಆ ಗಂಟೆಗಳಿಗೆ ಮತ್ತೆ ದುಡ್ಡು. ಎಲ್ಲ ಪೇಪರ್ ಕೈಗೆ ಬಂದ ಮೇಲೆಯೇ ಚೆಕ್‌ಗಳನ್ನು ಶುರುಮಾಡಲಿ.

ಶಾಲೆಗೆ ಹೋದಾಗ ಕಟ್ಟಡ ನೋಡಬೇಡಿ. ಇವತ್ತು ಹಾರುವ ಸ್ಥಿತಿಯಲ್ಲಿರುವ ವಿಮಾನ ಎಷ್ಟು, ವಿದ್ಯಾರ್ಥಿಗಳು ಎಷ್ಟು, ಹೋದ ತಿಂಗಳು ಒಬ್ಬೊಬ್ಬರು ಎಷ್ಟು ಗಂಟೆ ಹಾರಿದರು, ಮಲ್ಟಿ ಎಂಜಿನ್ ವಿಮಾನ ಸ್ವಂತದ್ದೋ, ರಾತ್ರಿ ಹಾರಾಟ ಎಲ್ಲಿ, ಇಷ್ಟನ್ನು ಕೇಳಿ. ಕಚೇರಿಯಲ್ಲಿ ಕೇಳಿದ್ದನ್ನೇ ಸಂಜೆ ಹಾಸ್ಟೆಲ್ ಹುಡುಗರಲ್ಲೂ ಕೇಳಿ. ತಿಂಗಳಿಗೆ 10 ಗಂಟೆ ಸಿಗುವ ಕಡೆ 200 ಗಂಟೆಗೆ 20 ತಿಂಗಳು ಬೇಕು. ಇದಕ್ಕೆ ಯಾವ ರಿಯಾಯಿತಿಯೂ ಉತ್ತರವಲ್ಲ.

ಮುಲುಂಡ್_ಕನ್ನಡಿಗ:
ಮೂವರಿಗೂ ತುಂಬಾ ಧನ್ಯವಾದ. ಫೀಸ್ ಹೇಗೆ ಕಟ್ಟುವುದು ಒಳ್ಳೆಯದು? ಲೈಸೆನ್ಸ್ ಬಂದ ಮೇಲೂ ಖರ್ಚು ಇದೆಯೇ?

ಲಾಗ್‌ಬುಕ್_ಪುಣೆ:
ಹಾರಿದ ಗಂಟೆಗೆ ತಕ್ಕಂತೆ ಕಂತು ಕಟ್ಟಿ. ಬಿಟ್ಟರೆ ಎಷ್ಟು ವಾಪಸ್, ಇಂಧನದ ಬೆಲೆ ಏರಿದರೆ ಯಾರ ತಲೆಗೆ, ಎರಡೂ ಕಾಗದದ ಮೇಲೆ ಬರಲಿ. ಖರ್ಚು ಇದೆ: ಏರ್‌ಬಸ್ 320 ಅಥವಾ ಬೋಯಿಂಗ್ 737ರ ಟೈಪ್ ರೇಟಿಂಗ್‌ಗೆ (ಆ ಮಾದರಿಯ ವಿಮಾನ ಹಾರಿಸುವ ಅರ್ಹತೆಗೆ) ಮತ್ತೆ ಹತ್ತು ಲಕ್ಷದ ಮೇಲೆಯೇ ಬೇಕಾಗುತ್ತದೆ. ಬ್ಯಾಂಕ್ ಸಾಲಕ್ಕೆ ಹೋಗುವಾಗ ಅದನ್ನೂ ಸೇರಿಸಿಯೇ ಕೇಳಿ. ಕೆಲಸ ಸಿಗಲು ಕಾಯಬೇಕಾಗಬಹುದು, ಕಂತು ಶುರುವಾಗುವ ತಿಂಗಳನ್ನು ಆ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಗ್ರೌಂಡ್‌ಸ್ಕೂಲ್_ಅಂಧೇರಿ:
ಕಂಪ್ಯೂಟರ್ ನಂಬರಿಗೆ ಕೊಡುವಾಗ ಮಾರ್ಕ್ಸ್ ಕಾರ್ಡ್, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ತಂಗಿಯ ಹೆಸರಿನ ಅಕ್ಷರ ಒಂದೇ ಇದೆಯೇ ನೋಡಿ. ಇಲ್ಲಿನ ಶಾಲೆಗಳಲ್ಲಿ ತಂದೆಯ ಹೆಸರು ನಡುವೆ ಬರುತ್ತದೆ, ನಮ್ಮ ಊರಿನ ಕಾಗದಗಳಲ್ಲಿ ಬರೀ ಇನಿಷಿಯಲ್ ಇರುತ್ತದೆ. ಈಗಲೇ ತಿದ್ದಿಸಿಕೊಳ್ಳಿ.