2.4 ಲಕ್ಷ ಕಿ.ಮೀ. ಓಡಿದ ಪೆಟ್ರೋಲ್ ಕಾರು: ಐಡಲ್ ಏರುಪೇರು, ಆಯಿಲ್ ಕಮ್ಮಿ, ಹೀಟ್ ಜಾಸ್ತಿ. ಮೊದಲು ಯಾವುದಕ್ಕೆ ಕೈ ಹಾಕಲಿ?

ಹಳೇಗಾಡಿ:

ನಾಲ್ಕು ಸಿಲಿಂಡರ್ ಪೆಟ್ರೋಲ್ ಕಾರು, 2.4 ಲಕ್ಷ ಕಿಲೋಮೀಟರ್ ದಾಟಿದೆ. ಗಾಡಿಯ ಬಾಡಿ ತುಕ್ಕು ಹಿಡಿದಿಲ್ಲ, ಗೇರ್ ಬಾಕ್ಸ್ ಸದ್ದು ಮಾಡಲ್ಲ, ಮಾರಿದರೂ ಹೇಳಿಕೊಳ್ಳುವಷ್ಟು ದುಡ್ಡು ಬರುವುದಿಲ್ಲ. ಹಾಗಾಗಿ ಇಟ್ಟುಕೊಂಡು ಓಡಿಸೋಣ ಅಂತ ಇದ್ದೇನೆ. ಆದರೆ ಈಗ ಮೂರು ತೊಂದರೆ ಒಟ್ಟಿಗೆ ಬಂದು ಕೂತಿವೆ.

ಇಂಜಿನ್ ಬಿಸಿಯಾದ ಮೇಲೆ ಐಡಲ್ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವುದು) ಒಂದೇ ಸಮ ಇರುವುದಿಲ್ಲ, ಆರ್‌ಪಿಎಂ ಮುಳ್ಳು 700ರಿಂದ 1,200ರವರೆಗೆ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. 1,000 ಕಿ.ಮೀ.ಗೆ ಹೆಚ್ಚುಕಮ್ಮಿ ಅರ್ಧ ಲೀಟರ್ ಆಯಿಲ್ ಕಮ್ಮಿಯಾಗುತ್ತದೆ, ಆದರೆ ನೆಲದ ಮೇಲೆ ಒಂದು ಹನಿಯೂ ಇರುವುದಿಲ್ಲ. ಟ್ರಾಫಿಕ್‌ನಲ್ಲಿ ನಿಂತರೆ ಟೆಂಪರೇಚರ್ ಮುಳ್ಳು ಮೇಲೇರುತ್ತದೆ, ಗಾಡಿ ಓಡಲು ಶುರುವಾದರೆ ತಾನಾಗಿಯೇ ಇಳಿಯುತ್ತದೆ. ಚೆಕ್ ಇಂಜಿನ್ ಲೈಟ್ ಬಂದಿದೆ, ಕೋಡ್ ಪಿ0171.

ಗ್ಯಾರೇಜಿನಲ್ಲಿ ಸದ್ದು ಕೇಳಿದ ತಕ್ಷಣ ಪಿಸ್ಟನ್ ರಿಂಗ್ ಹೋಗಿದೆ, ಇಂಜಿನ್ ಬಿಚ್ಚಬೇಕು ಅಂದರು. ಬಾನೆಟ್ ಒಳಗೆ ಸರಿಯಾಗಿ ಇಣುಕಲೂ ಇಲ್ಲ. ನನ್ನ ಹತ್ತಿರ ಸಾಕೆಟ್ ಸೆಟ್, ಮಲ್ಟಿಮೀಟರ್, ಬ್ಲೂಟೂತ್ ಓಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್ ಕೊಡುವ ಕೋಡ್ ಓದುವ ಸಾಧನ), ಒಂದು ಜೊತೆ ಜಾಕ್ ಸ್ಟ್ಯಾಂಡ್ ಇವೆ. ಮನೆಯಲ್ಲೇ ಎಷ್ಟು ಮಾಡಬಹುದು?

ಸ್ಪ್ಯಾನರ್ 10:

ಹೀಟ್ ಮೊದಲು. ಐಡಲ್ ಆಡಿದರೆ ಕಿರಿಕಿರಿ ಅಷ್ಟೇ, ಓವರ್‌ಹೀಟ್ ಆದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಹೋಗಬಹುದು. ಆಮೇಲೆ ನಿಜವಾಗಲೂ ಇಂಜಿನ್ ಬಿಚ್ಚಬೇಕಾಗುತ್ತದೆ.

ನಿಂತಾಗ ಏರಿ ಓಡುವಾಗ ಇಳಿಯುತ್ತದೆ ಅಂದರೆ ಮೊದಲ ಅನುಮಾನ ಫ್ಯಾನ್ ಮೇಲೆ. ಓಡುವಾಗ ಗಾಳಿ ತಾನೇ ರೇಡಿಯೇಟರ್ ಒಳಗೆ ನುಗ್ಗುತ್ತದೆ, ನಿಂತಾಗ ಆ ಕೆಲಸ ಫ್ಯಾನ್ ಮಾಡಬೇಕು ಅಲ್ವಾ. ರೇಡಿಯೇಟರ್ ಒಳಗೆ ಕಟ್ಟಿಕೊಂಡಿದ್ದರೆ ಏರು ರಸ್ತೆಯಲ್ಲಿ, ಹೈವೇ ಸ್ಪೀಡಿನಲ್ಲೂ ಮುಳ್ಳು ಏರುತ್ತಿತ್ತು. ಇಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಎಸಿ ಜೊತೆಗೇ ಫ್ಯಾನ್ ತಿರುಗಬೇಕು. ತಿರುಗಲಿಲ್ಲವಾದರೆ ಫ್ಯೂಸ್ ನೋಡಿ, ನಂತರ ಫ್ಯಾನ್ ರಿಲೇಯದೇ (ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್) ನಂಬರಿನ ಇನ್ನೊಂದು ರಿಲೇ ಬಾಕ್ಸಿನಲ್ಲಿ ಇದ್ದರೆ ಅದಲುಬದಲು ಮಾಡಿ ನೋಡಿ. ಆಮೇಲೆ ಫ್ಯಾನಿನ ಕನೆಕ್ಟರ್ ಬಿಚ್ಚಿ. ಹಳೇ ಗಾಡಿಗಳಲ್ಲಿ ಅದರ ಪಿನ್ ಸುಟ್ಟು ಕಂದು ಬಣ್ಣಕ್ಕೆ ತಿರುಗಿರುವುದು ತುಂಬಾ ಸಾಮಾನ್ಯ. ಇಷ್ಟಾದ ಮೇಲೆ ಮೋಟಾರನ್ನು ಬೈಯಿರಿ. ಕೀ ತೆಗೆದಿದ್ದರೂ ಕೆಲವು ಗಾಡಿಗಳಲ್ಲಿ ಫ್ಯಾನ್ ತಾನೇ ತಿರುಗಲು ಶುರುವಾಗುತ್ತದೆ, ಬೆರಳು ಹುಷಾರು.

ರೇಡಿಯೇಟರ್ ಕ್ಯಾಪಿನ ರಬ್ಬರ್ ಕೂಡ ನೋಡಿ, ಅದು ಗಟ್ಟಿಯಾದರೆ ಪ್ರೆಷರ್ ನಿಲ್ಲುವುದಿಲ್ಲ, ಕೂಲೆಂಟ್ ಬೇಗ ಕುದಿಯುತ್ತದೆ. ಇಂಜಿನ್ ಪೂರ್ತಿ ತಣ್ಣಗಾಗುವವರೆಗೆ ಮಾತ್ರ ಅದನ್ನು ಮುಟ್ಟಬೇಡಿ. ಬಿಸಿಯಲ್ಲಿ ತೆರೆದರೆ ಕುದಿಯುವ ಕೂಲೆಂಟ್ ನೇರ ಮುಖಕ್ಕೆ ಚಿಮ್ಮುತ್ತದೆ.

ಕಪ್ಪುಕೈ:

ಐಡಲ್ ಮತ್ತು ಆಯಿಲ್ ಎರಡೂ ಬೇರೆ ಬೇರೆ ರೋಗ ಅಂತ ಯಾಕೆ ಅಂದುಕೊಳ್ಳಬೇಕು? ಪಿ0171 ಅಂದರೆ ಮಿಶ್ರಣ ಲೀನ್ ಆಗಿದೆ, ಪೆಟ್ರೋಲಿಗೆ ಬೇಕಾದದ್ದಕ್ಕಿಂತ ಗಾಳಿ ಜಾಸ್ತಿ ಅಂತ. ಲೆಕ್ಕಕ್ಕೆ ಸಿಗದ ಗಾಳಿ ಎಲ್ಲಿಂದಲೋ ನುಗ್ಗುತ್ತಿರಬಹುದು. ಪಿಸಿವಿ ವಾಲ್ವ್ (ಇಂಜಿನ್ ಒಳಗಿನ ಆವಿಯನ್ನು ಗಾಳಿ ಒಳಬರುವ ದಾರಿಗೆ, ಅಂದರೆ ಇನ್‌ಟೇಕ್‌ಗೆ ಬಿಡುವ ವಾಲ್ವ್) ತೆರೆದ ಹಾಗೆಯೇ ಸಿಕ್ಕಿಹಾಕಿಕೊಂಡರೆ ಆ ದಾರಿಯಲ್ಲಿ ಗಾಳಿಯೂ ಬರುತ್ತದೆ, ಜೊತೆಗೆ ಆಯಿಲ್ ಆವಿಯನ್ನೂ ಇನ್‌ಟೇಕ್ ಎಳೆದುಕೊಂಡು ಸುಡುತ್ತದೆ. ನೆಲಕ್ಕೆ ಹನಿ ಬೀಳದೆ ಆಯಿಲ್ ಮಾಯವಾಗಲು ಅದೂ ಒಂದು ಕಾರಣ.

ಸ್ಕ್ಯಾನರ್ ಇದೆಯಲ್ಲ, ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಮ್ಮಿ ಮಾಡುತ್ತಿದೆ ಅನ್ನುವ ಲೆಕ್ಕ) ನೋಡಿ. ಐಡಲ್‌ನಲ್ಲಿ ಟ್ರಿಮ್ ಪ್ಲಸ್ ಕಡೆ ಜಾಸ್ತಿ ಇದ್ದು, 2,500 ಆರ್‌ಪಿಎಂಗೆ ರೇಸ್ ಮಾಡಿ ಹಿಡಿದಾಗ ಸೊನ್ನೆಯ ಹತ್ತಿರ ಬಂದರೆ ವ್ಯಾಕ್ಯೂಮ್ ಲೀಕ್, ಅಂದರೆ ಎಲ್ಲೋ ಸೀಳಿ ಗಾಳಿ ಒಳಗೆ ನುಗ್ಗುತ್ತಿದೆ. ರೇಸ್ ಮಾಡಿದಾಗಲೂ ಇಳಿಯದೆ ಇನ್ನೂ ಏರಿದರೆ ಫ್ಯೂಯಲ್ ಫಿಲ್ಟರ್, ಪಂಪ್ ಅಥವಾ ಗಾಳಿ ಅಳೆಯುವ ಸೆನ್ಸರ್ ಕಡೆ ಹೋಗಿ. ಆಮೇಲೆ ಐಡಲ್‌ನಲ್ಲಿ ಪಿಸಿವಿ ಪೈಪನ್ನು ಬಟ್ಟೆ ಸುತ್ತಿದ ಪ್ಲೈಯರ್‌ನಿಂದ ಮೆಲ್ಲಗೆ ಹಿಸುಕಿ. ಆರ್‌ಪಿಎಂ ಮೇಲೆ ಕೆಳಗೆ ಆಡುವುದು ತಟ್ಟನೆ ನಿಂತರೆ ಕಳ್ಳ ಸಿಕ್ಕಿದ. ಪೈಪ್ ಬದಲಿಸುವುದಾದರೆ ಆಯಿಲ್ ತಡೆಯುವ ಹೋಸ್ ಹಾಕಿ. ಸುಮ್ನೆ ನೀರಿನ ಪೈಪ್ ಕತ್ತರಿಸಿ ಹಾಕಿದರೆ ಮೆತ್ತಗಾಗಿ ವ್ಯಾಕ್ಯೂಮಿಗೆ ಚಪ್ಪಟೆಯಾಗುತ್ತದೆ.

ರಿಂಗ್ ಹೋಗಿದೆ ಅನ್ನುವ ಮೊದಲು ಹೊಗೆ ನೋಡಿ. ರಾತ್ರಿ ಪೂರ್ತಿ ನಿಂತ ಗಾಡಿ ಸ್ಟಾರ್ಟ್ ಮಾಡಿದಾಗ ಒಮ್ಮೆ ನೀಲಿ ಹೊಗೆ ಬಿಟ್ಟು ಸುಮ್ಮನಾದರೆ ಹೆಚ್ಚಾಗಿ ವಾಲ್ವ್ ಸೀಲ್. ಆಕ್ಸಿಲರೇಟರ್ ಒತ್ತಿ ಎಳೆಯುವಾಗಲೆಲ್ಲ ನೀಲಿ ಹೊಗೆ ಬಂದರೆ ಆಗ ರಿಂಗ್ ಬಗ್ಗೆ ಯೋಚಿಸಿ, ಅದಕ್ಕೂ ಮೊದಲು ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯುವುದು) ಮಾಡಿಸಿ. ಈ ವಯಸ್ಸಿನ ಗಾಡಿಗೆ ಪೂರ್ತಿ ಇಂಜಿನ್ ಕೆಲಸ ಅಂದರೆ ಮೂಗಿಗಿಂತ ಮೂಗುತಿ ಭಾರ.

ನಿಧಾನವೇ ಪ್ರಧಾನ:

ಮೇಲಿನ ಎರಡೂ ಸರಿ. ದಪ್ಪ ಆಯಿಲ್ ಹಾಕಿ, ಬಾಟಲಿ ಮದ್ದು ಸುರಿಯಿರಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ, ಸದ್ಯಕ್ಕೆ ಕೇಳಬೇಡಿ. ರೇಡಿಯೇಟರಿಗೆ ಹಾಕುವ ಲೀಕ್ ಸ್ಟಾಪ್ ಅಂತೂ ಬೇಡವೇ ಬೇಡ, ಹೀಟರ್‌ನ ಸಣ್ಣ ಕೊಳವೆಗಳೂ ಕಟ್ಟಿಕೊಳ್ಳುತ್ತವೆ.

ಗಾಳಿ ಅಳೆಯುವ ಸೆನ್ಸರ್ ಕ್ಲೀನ್ ಮಾಡುವುದಾದರೆ ಅದಕ್ಕೆಂದೇ ಬರುವ ಸ್ಪ್ರೇ ಮಾತ್ರ ಬಳಸಿ. ಒಳಗಿನ ತಂತಿಯನ್ನು ಬೆರಳಿನಿಂದಾಗಲಿ ಹತ್ತಿಯಿಂದಾಗಲಿ ಮುಟ್ಟಬೇಡಿ. ಇಂಜಿನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಕೂಡ ಒರೆಸಬಹುದು, ಆದರೆ ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ಪ್ಲೇಟನ್ನು ಕೈಯಿಂದ ಒತ್ತಿ ತೆರೆಯಬೇಡಿ. ಕ್ಲೀನ್ ಮಾಡಿದ ಮೇಲೆ ಕೆಲವು ಗಾಡಿಗಳಲ್ಲಿ ಕಂಪ್ಯೂಟರಿಗೆ ಐಡಲ್ ಮತ್ತೆ ಕಲಿಸಬೇಕಾಗುತ್ತದೆ.

ಹಳೇಗಾಡಿ:

ಎಲ್ಲರಿಗೂ ಥ್ಯಾಂಕ್ಸ್. ಐಡಲ್‌ನಲ್ಲಿ ಟ್ರಿಮ್ ಪ್ಲಸ್ 19 ತೋರಿಸಿತು, 2,500ರಲ್ಲಿ ಪ್ಲಸ್ 4. ಪಿಸಿವಿ ಪೈಪ್ ಮೇಲಿನಿಂದ ನೋಡಿದರೆ ಹೊಸದರ ಹಾಗೇ ಇತ್ತು. ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಕೆಳಗೆ ಕನ್ನಡಿ ಹಿಡಿದು ನೋಡಿದರೆ ಬಗ್ಗಿದ ಕಡೆ ಉದ್ದಕ್ಕೂ ಸೀಳಿತ್ತು, ಎಳೆದಾಗ ಅಲ್ಲೇ ಎರಡು ತುಂಡಾಯಿತು. ವಾಲ್ವ್ ಅಲ್ಲಾಡಿಸಿದರೆ ಒಳಗೆ ಕಟಕಟ ಸದ್ದೂ ಇಲ್ಲ, ಅಂದರೆ ಅದೂ ಸಿಕ್ಕಿಹಾಕಿಕೊಂಡಿತ್ತು. ಎರಡನ್ನೂ ಬದಲಿಸಿ ಕೋಡ್ ಅಳಿಸಿದೆ, ಈಗ ಐಡಲ್ 750ರಲ್ಲಿ ನಿಂತಿದೆ. ಫ್ಯಾನಿನದು ಕನೆಕ್ಟರೇ, ಒಂದು ಪಿನ್ ಸುಟ್ಟು ಪ್ಲಾಸ್ಟಿಕ್ ಕರಗಿತ್ತು. ಹೊಸ ಕನೆಕ್ಟರ್ ಹಾಕಿದ ಮೇಲೆ ಎಸಿ ಹಾಕಿ ನಿಂತರೂ ಮುಳ್ಳು ಅಲ್ಲಾಡುತ್ತಿಲ್ಲ. ಆಯಿಲ್ ಕಮ್ಮಿಯಾಗುವುದು ನಿಂತಿದೆಯೋ ಇಲ್ಲವೋ ಇನ್ನಷ್ಟು ಓಡಿಸಿದ ಮೇಲೆ ಗೊತ್ತಾಗುತ್ತದೆ, ಡಿಪ್‌ಸ್ಟಿಕ್ ನೋಡುತ್ತಲೇ ಇದ್ದೇನೆ.

ಇನ್ನೊಂದು ಪ್ರಶ್ನೆ. ಟೈಮಿಂಗ್ ಬೆಲ್ಟ್ (ಪಿಸ್ಟನ್ ಮತ್ತು ವಾಲ್ವ್‌ಗಳ ಚಲನೆಯನ್ನು ಹೊಂದಿಸುವ ಬೆಲ್ಟ್) ಬದಲಿಸಿದ ದಾಖಲೆ ಸರ್ವಿಸ್ ಬುಕ್ಕಿನಲ್ಲಿ ಎಲ್ಲೂ ಇಲ್ಲ. ಕವರ್ ತೆಗೆದು ನೋಡಿದರೆ ಬೆಲ್ಟಿನಲ್ಲಿ ಬಿರುಕೇನೂ ಕಾಣುತ್ತಿಲ್ಲ. ಬಿಟ್ಟುಬಿಡಲಾ?

ಕಪ್ಪುಕೈ:

ಬೇಡ. ದಾಖಲೆ ಇಲ್ಲ ಅಂದರೆ ಬದಲಿಸಿಲ್ಲ ಅಂತಲೇ ಲೆಕ್ಕ. ಬಿರುಕು ಕಾಣದ ಬೆಲ್ಟೂ ಹಲ್ಲು ಕಳಚಿಕೊಳ್ಳುತ್ತದೆ. ನಿಮ್ಮದು ಇಂಟರ್‌ಫಿಯರೆನ್ಸ್ ಇಂಜಿನ್ (ಪಿಸ್ಟನ್ ಮತ್ತು ವಾಲ್ವ್ ಒಂದೇ ಜಾಗಕ್ಕೆ ಸರದಿಯಲ್ಲಿ ಬರುವ ಇಂಜಿನ್) ಆಗಿದ್ದರೆ ಬೆಲ್ಟ್ ತುಂಡಾದ ಕ್ಷಣ ಪಿಸ್ಟನ್ ಹೋಗಿ ವಾಲ್ವಿಗೆ ಹೊಡೆಯುತ್ತದೆ, ವಾಲ್ವ್ ಬಗ್ಗುತ್ತದೆ. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರನ್ನೂ ಜೊತೆಗೇ ಬದಲಿಸಿ. ವಾಟರ್ ಪಂಪನ್ನು ಅದೇ ಬೆಲ್ಟ್ ತಿರುಗಿಸುವುದಾದರೆ ಅದನ್ನೂ ಈಗಲೇ ಮುಗಿಸಿ, ಇಲ್ಲದಿದ್ದರೆ ಅದು ಸೋರಿದ ದಿನ ಮತ್ತೆ ಎಲ್ಲ ಬಿಚ್ಚಬೇಕು.

ಇದೊಂದನ್ನು ಮಾತ್ರ ನಂಬಿಕಸ್ತ ಮೆಕ್ಯಾನಿಕ್ ಕೈಗೆ ಕೊಡಿ ಅಂತೀನಿ. ನೀವೇ ಮಾಡುವುದಾದರೆ ಟೈಮಿಂಗ್ ಗುರುತುಗಳ ಫೋಟೋ ಮೊದಲೇ ತೆಗೆದಿಟ್ಟುಕೊಳ್ಳಿ. ಹೊಸ ಬೆಲ್ಟ್ ಕೂರಿಸಿದ ಮೇಲೆ ಸ್ಪಾರ್ಕ್ ಪ್ಲಗ್ ತೆಗೆದು, ಕ್ರ್ಯಾಂಕನ್ನು (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಸ್ಪ್ಯಾನರ್ ಹಾಕಿ ಇಂಜಿನ್ ತಿರುಗುವ ದಿಕ್ಕಿಗೇ ಪೂರ್ತಿ ಎರಡು ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಹೊಂದಿವೆಯಾ ನೋಡಿ. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಒತ್ತಾಯ ಮಾಡಬೇಡಿ, ಬೆಲ್ಟ್ ತೆಗೆದು ಮತ್ತೆ ಕೂರಿಸಿ.