ಸಹಾಯ ಬೇಕು: ತೊಗರಿ ಡ್ರೈಯರ್‌ಗೆ ಸಬ್ಸಿಡಿ, ಯಾವ ದಾರಿ?

ಎಲ್ಲರಿಗೂ ನಮಸ್ಕಾರ. ಕಲಬುರಗಿ ಕಪನೂರಿನ ಸಣ್ಣ ದಾಲ್ ಮಿಲ್‌ಗೆ ತೊಗರಿ ಕಟ್ಟಿಗೆ ಉರಿಸಿ ನಡೆಸುವ ಡ್ರೈಯರ್ ಕೂಡಿಸಬೇಕಾಗಿದೆ. ಎಣ್ಣೆ, ನೀರು ಹಚ್ಚಿದ ಕಾಳು ಈಗ ಅಂಗಳದಾಗೇ ಒಣಗ್ತದ, ಮಳೆ ಬಂದ್ರ ಕೆಲಸ ನಿಂತಂಗ. (ಹೊಟ್ಟು ಯಾಕ ಸುಡಬಾರದು ಅನ್ನಬ್ಯಾಡ್ರಿ, ಅದು ದನದ ಮೇವಿಗೆ ಹೋಗ್ತದ.) ಹೊಗೆ ಕಾಳಿಗೆ ತಾಗದಂತೆ ಹೀಟ್ ಎಕ್ಸ್‌ಚೇಂಜರ್, ದೂಳಿಗೆ ಸೈಕ್ಲೋನ್ (ಗಾಳಿ ಸುತ್ತಿಸಿ ದೂಳು ಬೇರ್ಪಡಿಸುವ ಸಾಧನ) ಜೊತೆ ಬ್ಯಾಗ್ ಫಿಲ್ಟರ್ (ಬಟ್ಟೆ ಚೀಲದಲ್ಲಿ ದೂಳು ಸೋಸುವುದು). ಬರೀ ಸೈಕ್ಲೋನ್ ಹಾಕಿದರೆ ಸಣ್ಣ ದೂಳು ಸಿಗೋದಿಲ್ಲ.

ನೋಡಿರುವುದು ಪಿಎಂಎಫ್‌ಎಂಇ, ಅಂದರೆ ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗೆ ನೆರವು ಕೊಡುವ ಕೇಂದ್ರದ ಯೋಜನೆ. ಕೇಂದ್ರದ್ದು 35%, ಗರಿಷ್ಠ 10 ಲಕ್ಷ. ರಾಜ್ಯದ 15% ಸೇರಿದರೆ 50%, ಗರಿಷ್ಠ 15 ಲಕ್ಷ. ಆದರೆ ಇದು ಸಾಲಕ್ಕೆ ಕಟ್ಟಿದ ಸಬ್ಸಿಡಿ. ಸ್ವಂತ ಪಾಲು ಕನಿಷ್ಠ 10% ಹಾಕಬೇಕು, ಸಬ್ಸಿಡಿ ಹಣ 3 ವರ್ಷ ಬ್ಯಾಂಕಿನಲ್ಲೇ ಇರುತ್ತದೆ, ಸಾಲ ಎನ್‌ಪಿಎ ಆದರೆ (ಕಂತು ಕಟ್ಟದೆ ಸುಸ್ತಿಯಾದರೆ) ಕೈತಪ್ಪುತ್ತದೆ. ಹಾಗಾಗಿ ಸಾಲ ಮಂಜೂರಾಗುವ ಮುಂಚೆ ಮಷಿನ್‌ಗೆ ಅಡ್ವಾನ್ಸ್ ಕೊಟ್ಟಿಲ್ಲ.

ತಿಳಿದವರು ಹೇಳ್ರಿ:

ಬ್ಯಾಗ್ ಫಿಲ್ಟರ್, ಚಿಮಣಿಯನ್ನು ಡ್ರೈಯರ್ ಕೊಟೇಶನ್‌ನಲ್ಲೇ ಸೇರಿಸಬೇಕೋ, ಬೇರೆ ತೋರಿಸಬೇಕೋ? ಬೇರೆ ತೋರಿಸಿದ್ದನ್ನು ಬ್ಯಾಂಕ್ ಯೋಜನಾ ವೆಚ್ಚದಿಂದ ಕತ್ತರಿಸಿದ ಉದಾಹರಣೆ ಇದೆಯಾ?

ಇನ್ನೊಂದು, ಇದೇ ಮುಖ್ಯ. ಡ್ರೈಯರ್ ತಯಾರಿಸುವ ಫ್ಯಾಬ್ರಿಕೇಟರ್ ಆಹಾರ ಘಟಕ ಅಲ್ಲ, ಅವರಿಗೆ ಪಿಎಂಎಫ್‌ಎಂಇ ಬರೋದಿಲ್ಲ. ರಾಜ್ಯದ ಎಲಿವೇಟ್ ಎಂಬ ಯೋಜನೆಯಲ್ಲಿ ಸ್ಟಾರ್ಟಪ್‌ಗೆ 50 ಲಕ್ಷದವರೆಗೆ ಅನುದಾನ ಉಂಟು. ಬೀದರ್, ಯಾದಗಿರಿ ಕಡೆ ಮಷಿನ್ ತಯಾರಕರು ಯಾರಾದರೂ ಪಡೆದಿದ್ದರೆ, ಮಾದರಿ ಯಂತ್ರದ ಪರೀಕ್ಷಾ ವರದಿ ಎಲ್ಲಿ ಮಾಡಿಸಿದ್ರಿ?